ಮುಚ್ಚಳ ಗಟ್ಟಿಯಿದೆ

ಊರಿನವರು ಅವನನ್ನು ಬಲೂನಪ್ಪ ಎಂದು ಕರೆಯುತ್ತಿದ್ದರು. ಹಾಗಂತ ಅವನೇನು ಮಕ್ಕಳಿಗೆ ಬಣ್ಣದ ಬಲೂನು ಮಾರುವವನಲ್ಲ. ಹವಾಮಾನ ಕೇಂದ್ರದಲ್ಲಿ ದಿನಕ್ಕೆ ಎರಡು ಸಲ, ವಸಂತದ ಬಿರುಗಾಳಿಯ ತಿಂಗಳುಗಳಲ್ಲಿ ನಡುಮಧ್ಯಾಹ್ನವೂ ಸೇರಿ ಮೂರು ಸಲ, ಆಳಿಗಿಂತ ಎತ್ತರದ ಬಿಳಿ ಬಲೂನಿಗೆ ಗ್ಯಾಸು ತುಂಬಿ ಆಕಾಶಕ್ಕೆ ಬಿಡುವುದು ಅವನ ನೌಕರಿ. ಇಪ್ಪತ್ತಾರು ವರ್ಷ ಅದನ್ನೊಂದನ್ನೇ ಮಾಡಿದ್ದ. ಬೇರೆ ಯಾರಾದರೂ ಆಗಿದ್ದರೆ ಬೇಸತ್ತು ಬಿಟ್ಟುಹೋಗುತ್ತಿದ್ದರು. ಇವನಿಗೆ ಬೇಸರವೆಂದರೇನೆಂದೇ ಗೊತ್ತಿರಲಿಲ್ಲ, ಅಥವಾ ಗೊತ್ತಾಗುವಷ್ಟು ಪುರುಸೊತ್ತು ಇರಲಿಲ್ಲ.

ಕೆಲಸ ನೋಡುವುದಕ್ಕೆ ಸುಲಭ. ಗ್ಯಾಸಿನ ಕೋಣೆಗೆ ಹೋಗುವಾಗ ಹತ್ತಿಯ ಅಂಗಿಯೇ ಆಗಬೇಕು, ಬೂಟಿಗೆ ಮೊಳೆ ಇರಬಾರದು, ಫೋನು ಹೊರಗಿನ ಗೂಡಿನಲ್ಲೇ ಇರಬೇಕು. ಒಂದು ಕಿಡಿ ಹಾರಿದರೆ ಕೋಣೆಯೂ ಇಲ್ಲ, ಬಲೂನಪ್ಪನೂ ಇಲ್ಲ. ತುಂಬಿದ ಬಲೂನನ್ನು ಎಳೆಗರುವಿನ ಕುತ್ತಿಗೆ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ಬಯಲಿಗೆ ತರುತ್ತಿದ್ದ. ಕೆಳಗೆ ದಾರದಲ್ಲಿ ಬುತ್ತಿಡಬ್ಬಿಯಷ್ಟು ಚಿಕ್ಕ ಪೆಟ್ಟಿಗೆಯೊಂದು. ಗಾಳಿ ಬೀಸುವ ಕಡೆಗೆ ನಾಲ್ಕು ಹೆಜ್ಜೆ ಓಡಿ ಕೈಬಿಟ್ಟರೆ ಅವನ ಪಾಲಿನ ಕೆಲಸ ಮುಗಿಯಿತು. ಬಲೂನು ಏರುತ್ತ ಏರುತ್ತ ಉಬ್ಬಿ, ಕಣ್ಣಿಗೆ ಕಾಣದ ಎತ್ತರದಲ್ಲಿ ಒಡೆದು, ಪೆಟ್ಟಿಗೆ ಯಾರದೋ ಗೋಧಿ ಹೊಲದಲ್ಲಿ ಬೀಳುತ್ತಿತ್ತು. ಅಷ್ಟರೊಳಗೆ ಅದು ಮೇಲಿನ ಸೆಕೆ, ತೇವ, ಗಾಳಿ ಎಲ್ಲದರ ಚಾಡಿಯನ್ನೂ ಕಚೇರಿಯ ಪರದೆಗೆ ಹೇಳಿ ಮುಗಿಸಿರುತ್ತಿತ್ತು.

ಆ ಪರದೆಯ ಮುಂದೆ ಕೂರುವವರು ಮೇಡಂ. ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಓದಿನಲ್ಲಿ ಇಪ್ಪತ್ತು ಮೆಟ್ಟಿಲು ಮೇಲಿನವರು. ಬಯಲುಸೀಮೆಯ ನಕ್ಷೆಯ ಮೇಲೆ ಬಿರುಗಾಳಿಯ ಅಪಾಯಕ್ಕೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು ತುಂಬುವವರು ಅವರೇ. ಬಲೂನಪ್ಪ ಕೈ ಒರೆಸಿಕೊಳ್ಳುತ್ತ ಅವರ ಹಿಂದೆ ನಿಂತು ಪರದೆಯ ಗೆರೆ ನೋಡುತ್ತಿದ್ದ. ನೋಡಿ ನೋಡಿ ಅವನಿಗೂ ಅಷ್ಟಿಷ್ಟು ತಿಳಿದಿತ್ತು. ನೆಲದ ಹತ್ತಿರ ತೇವದ ಬಿಸಿಗಾಳಿ ಕುದಿಯುತ್ತಿರುತ್ತದೆ. ಅದರ ಮೇಲೆ ಒಣ ಬಿಸಿಗಾಳಿಯ ಒಂದು ಪದರ, ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ. ಮುಚ್ಚಳ ಗಟ್ಟಿಯಿದ್ದರೆ ಸಂಜೆಯವರೆಗೂ ಏನೂ ಆಗುವುದಿಲ್ಲ. ಸಡಿಲವಿದ್ದರೆ ಗುಡುಗು, ಆಲಿಕಲ್ಲು, ಸುಂಟರಗಾಳಿ.

"ಗಟ್ಟಿ ಇದ್ರೆ ಒಳ್ಳೇದಲ್ವಾ ಮೇಡಂ?" ಎಂದು ಒಮ್ಮೆ ಕೇಳಿದ್ದ.

"ಒಡೀದಿದ್ರೆ ಒಳ್ಳೇದು. ಒಡೆದ್ರೆ ಮಾತ್ರ ಅಲ್ಲೀವರೆಗೂ ಕುದ್ದಿದ್ದೆಲ್ಲ ಒಂದೇ ಸಲ ಉಕ್ಕತ್ತೆ. ಆಮೇಲೆ ದೇವರೇ ಗತಿ," ಎಂದು, ಅವನ ಮುಖ ನೋಡಿ ನಕ್ಕು, "ನೀವು ಬಲೂನು ಬಿಡಿ, ಭವಿಷ್ಯ ನನಗೆ ಬಿಡಿ," ಎಂದಿದ್ದರು.

ಅವನು ಬಿಡಲಿಲ್ಲ. ಅದಕ್ಕೆ ಕಾರಣ ಅಕ್ಕ.

ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ತನ್ನ ಎರಡು ಲಂಗ ಹರಿದು ಅವನಿಗೆ ಚಡ್ಡಿ ಹೊಲಿದವಳು, ಅವನು ಶಾಲೆಯಲ್ಲಿ ಪೆಟ್ಟು ತಿಂದು ಬಂದರೆ ಮೇಷ್ಟರ ಮನೆ ಬಾಗಿಲಿಗೇ ಹೋಗಿ ಜಗಳ ಕಾದವಳು. ಮದುವೆಯ ಮಾತು ಬಂದಾಗೆಲ್ಲ "ಇವನೊಬ್ಬನ್ನ ಸಾಕಿದ್ದೇ ಸಾಕಾಗಿದೆ" ಎಂದು ಜೋರಾಗಿ ನಗುತ್ತಿದ್ದಳು. ಮೂವತ್ತು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ನಿಂತುಕೊಂಡೇ ಪೊಟ್ಟಣ ಕಟ್ಟಿ ಎರಡೂ ಮೊಣಕಾಲು ಕಳೆದುಕೊಂಡಿದ್ದಳು. ಈಗ ಅದೇ ಕಾರ್ಖಾನೆಯ ಸಾಲುಮನೆಯಲ್ಲಿ ವಾಸ. ಹದಿನಾಲ್ಕು ಮನೆ, ಎಲ್ಲಕ್ಕೂ ಸೇರಿ ಉದ್ದಕ್ಕೆ ಒಂದೇ ತಗಡಿನ ಮಾಡು, ಒಂದಿಟ್ಟಿಗೆಯ ದಪ್ಪದ ಗೋಡೆ. ಕೇಂದ್ರದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ.

ವಸಂತ ಬಂತೆಂದರೆ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅವಳ ಫೋನು ಬರುತ್ತಿತ್ತು. ಹೇಗಿದೀಯ, ಊಟ ಆಯ್ತಾ, ಒಂದೂ ಇಲ್ಲ. "ಏನಪ್ಪಾ, ಮುಚ್ಚಳ ಹೇಗಿದೆ?"

ಸಡಿಲ ಎಂದರೆ ಅವಳು ಕೋಲೂರಿಕೊಂಡು ರಸ್ತೆ ದಾಟಿ ಎದುರಿನ ಟೈಲರಮ್ಮನ ಮನೆಗೆ ಹೋಗಬೇಕು. ಆ ಬೀದಿಗೆಲ್ಲ ನೆಲಮಾಳಿಗೆ ಇದ್ದದ್ದು ಅದೊಂದೇ ಮನೆಗೆ. ಟೈಲರಮ್ಮ ಅಲ್ಲೇ ಮಿಷನ್ನು ಹಾಕಿಕೊಂಡು ಹೊಲಿಯುತ್ತಿದ್ದಳು. ಕೆಳಗಿಳಿಯಲು ಹದಿನಾಲ್ಕು ಕಡಿದಾದ ಮೆಟ್ಟಿಲು. ಇಳಿಯುವುದೇ ಅಕ್ಕನಿಗೆ ಒಂದು ಯಾತ್ರೆ, ಹತ್ತುವುದು ಇನ್ನೊಂದು.

ಆ ವರ್ಷದ ವಸಂತ, ಹಾಳಾದದ್ದು, ಎಂದಿನಂತೆ ಬರಲಿಲ್ಲ. ಒಂದೇ ತಿಂಗಳಲ್ಲಿ ಹನ್ನೊಂದು ದಿನ ನಕ್ಷೆ ಕೆಂಪಾಯಿತು. ಹನ್ನೊಂದು ದಿನವೂ ಅವನು "ಇಳಿ ಅಕ್ಕಾ" ಎಂದ. ಹನ್ನೊಂದು ದಿನವೂ ಅವಳು ಇಳಿದಳು. ಬಿರುಗಾಳಿ ಒಮ್ಮೆ ಉತ್ತರಕ್ಕೆ ಹೋಯಿತು, ಒಮ್ಮೆ ಹೊಳೆಯಾಚೆ ಹೋಯಿತು, ಒಮ್ಮೆ ನಲವತ್ತು ಮೈಲಿ ದೂರದ ಊರೊಂದನ್ನು ಚಿಂದಿ ಮಾಡಿತು. ಸಾಲುಮನೆಯ ಮೇಲೆ ನಾಲ್ಕು ಹನಿಯೂ ಬೀಳಲಿಲ್ಲ. ನಕ್ಷೆಯೇನೂ ಸುಳ್ಳಾಗಿರಲಿಲ್ಲ ಅನ್ನಿ. ಇಷ್ಟು ದೊಡ್ಡ ಬಯಲಿನಲ್ಲಿ ಎಲ್ಲೋ ಒಂದು ಕಡೆ ಬೀಳುತ್ತದೆ ಎಂದು ಅದು ಹೇಳುತ್ತದೆ, ಯಾರ ಮಾಡಿನ ಮೇಲೆ ಎಂದು ಹೇಳುವುದಿಲ್ಲ. ಮನುಷ್ಯರಿಗೆ ಬೇಕಾದದ್ದು ಮಾತ್ರ ಅದೊಂದೇ.

ಹನ್ನೊಂದನೆಯ ಸಲ ಹತ್ತಿ ಬಂದ ಮೇಲೆ ಅಕ್ಕ ಫೋನಿನಲ್ಲಿ ಗೊಣಗಿದಳು. "ಮೊಣಕಾಲು ಕುಂಬಳಕಾಯಿ ಆಗಿದೆ ಕಣೋ. ಆ ಟೈಲರಮ್ಮ ಬೇರೆ ಮುಖ ಸಿಂಡರಿಸ್ತಾಳೆ. ಇನ್ನೊಂದ್ಸಲ ಹೋದ್ರೆ ಅಳತೆ ತಗೊಂಡು ಅಂಗಿ ಹೊಲಿದೇ ಬಿಡ್ತಾಳೆ, ಗಿರಾಕಿ ಅಂತ ತಿಳ್ಕೊಂಡು."

ಅವನು ನಕ್ಕ. ನಕ್ಕರೂ ಆ ಮಾತು ಅವನ ಹೊಟ್ಟೆಯಲ್ಲಿ ಉಳಿಯಿತು.

ಹನ್ನೆರಡನೆಯ ದಿನ ನಡುಮಧ್ಯಾಹ್ನದ ಬಲೂನು ಬಿಟ್ಟು ಬಂದು ನೋಡಿದರೆ ಪರದೆಯ ಮೇಲೆ ಅಂಥ ಗಟ್ಟಿ ಮುಚ್ಚಳವನ್ನು ಅವನು ಆ ವರ್ಷ ಕಂಡಿರಲಿಲ್ಲ. ಆದರೂ ಮೇಡಂ ಕೆಂಪನ್ನೇ ತುಂಬುತ್ತಿದ್ದರು.

"ಇಷ್ಟು ಗಟ್ಟಿ ಇದೆಯಲ್ಲ ಮೇಡಂ?"

"ಇದೆ. ಕೆಳಗಡೆ ಕುದೀತಿರೋದನ್ನೂ ನೋಡಿ. ಐದು ಗಂಟೆ ಹೊತ್ತಿಗೆ ಒಡೀಬಹುದು, ಒಡೀದೆನೂ ಇರಬಹುದು. ಒಡೆದ್ರೆ ಈ ವರ್ಷದಲ್ಲೇ ಕೆಟ್ಟದ್ದು."

ಎರಡು ಗಂಟೆಗೆ ಫೋನು ಬಂತು.

"ಮುಚ್ಚಳ ಹೇಗಿದೆ?" ಎಂದವಳು ಅವನು ಬಾಯಿ ತೆರೆಯುವ ಮೊದಲೇ, "ಇವತ್ತೂ ಇಳೀಲೇಬೇಕೇನೋ?" ಎಂದಳು.

ಅರವತ್ತೊಂದು ವರ್ಷದ ಹೆಂಗಸು ಎಳೆಯ ಹುಡುಗಿಯ ಹಾಗೆ ಕೇಳಿದಳು. ಅವಳು ಜೀವಮಾನದಲ್ಲಿ ಅವನಿಂದ ಏನನ್ನೂ ಕೇಳಿದವಳಲ್ಲ.

"ಬೇಡ ಅಕ್ಕಾ. ಮುಚ್ಚಳ ಗಟ್ಟಿಯಿದೆ. ಮನೇಲೇ ಕಾಲು ಚಾಚ್ಕೊಂಡು ಕೂತ್ಕೋ."

"ಅಯ್ಯೋ, ನಿನ್ನ ಬಾಯಿಗೆ ಸಕ್ಕರೆ ಹಾಕಾ!" ಎಂದು ಅವಳು ಫೋನಿಟ್ಟಳು.

ಮುಚ್ಚಳ ಗಟ್ಟಿಯಿದ್ದದ್ದು ನಿಜ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಳಿದರ್ಧ ಹೇಳಲಿಲ್ಲ, ಅಷ್ಟೆ. ಅಕ್ಕನಿಗೆ ಒಂದು ಮಧ್ಯಾಹ್ನದ ನೆಮ್ಮದಿ ಕೊಟ್ಟೆನೆಂದು ಅವನಿಗೆ ಎಷ್ಟು ಹಿಗ್ಗಾಯಿತೆಂದರೆ ಒಂದು ಲೋಟ ಚಹಾ ಹೆಚ್ಚಿಗೇ ಕುಡಿದ.

ಐದು ಗಂಟೆ ದಾಟಿ ಹತ್ತು ನಿಮಿಷಕ್ಕೆ ಗ್ಯಾಸಿನ ಕೋಣೆಯ ಬೀಗ ಹಾಕುತ್ತಿದ್ದವನು ತಿರುಗಿ ನೋಡಿದ. ವಾಯುವ್ಯದಲ್ಲಿ ಬರಿಯ ನೀಲಿಯಿದ್ದ ಕಡೆ ಒಂದು ಮೋಡ ಎದ್ದಿತ್ತು. ನೋಡುತ್ತಿದ್ದಂತೆಯೇ ಹೂಕೋಸಿನ ಹಾಗೆ ಒಡೆದು ಒಡೆದು ಬೆಳೆಯಿತು, ಕಾಲು ಗಂಟೆಯಲ್ಲಿ ತಲೆ ಚಪ್ಪಟೆಯಾಗಿ ಅರ್ಧ ಆಕಾಶಕ್ಕೆ ಹರಡಿತು. ಅದರ ಬುಡ ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ದಿಕ್ಕಿನಲ್ಲಿ ಅಕ್ಕನಿದ್ದಳು.

ಗೂಡಿನಿಂದ ಫೋನು ತೆಗೆದು ಮಾಡಿದ. ಬೇರೊಂದು ಕರೆಯಲ್ಲಿದ್ದಾರೆ ಎಂದಳು ರೆಕಾರ್ಡಿನ ಹೆಂಗಸು. ಮತ್ತೆ ಮಾಡಿದ. ಬೇರೊಂದು ಕರೆಯಲ್ಲಿದ್ದಾರೆ. "ಯಾರ ಹತ್ರ ಹರಟ್ತಾ ಇದೀಯೇ ಪುಣ್ಯಾತ್ಗಿತ್ತಿ!" ಎಂದು ಬಯಲಿನಲ್ಲಿ ಒಬ್ಬನೇ ಕಿರುಚಿದ. ಹದಿನಾರು ಸಲ ಮಾಡಿದ. ಹದಿನೇಳನೆಯ ಸಲ ಆ ಹೆಂಗಸಿನ ದನಿಯೂ ಬರಲಿಲ್ಲ, ಏನೂ ಬರಲಿಲ್ಲ.

ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಮುರಿದ ಮರಗಳ ನಡುವೆ, ನಿಂಬೆಹಣ್ಣಿನಷ್ಟು ದಪ್ಪದ ಆಲಿಕಲ್ಲು ತುಳಿಯುತ್ತ ಉಳಿದದ್ದನ್ನು ನಡೆದ. ಸಾಲುಮನೆಯ ಉದ್ದನೆಯ ಮಾಡು ಒಂದೇ ಹಾಳೆಯ ಹಾಗೆ ಎದ್ದುಹೋಗಿ ಕಾರ್ಖಾನೆಯ ಗೇಟಿನ ಮೇಲೆ ಮಗುಚಿಕೊಂಡಿತ್ತು. ಹದಿನಾಲ್ಕು ಮನೆಗಳಲ್ಲಿ ಐದು ನೆಲಸಮ. ಅಕ್ಕನನ್ನು ಆಗಲೇ ತೆಗೆದಿದ್ದರು. ಸತ್ತವರು ಅವಳಲ್ಲದೆ ಇನ್ನೂ ಆರು ಜನ. ಗೋಡೆಯ ಕೆಳಗೆ ಸಿಕ್ಕಾಗ ಅವಳ ಕೈಯಲ್ಲಿ ಫೋನು ಹಾಗೇ ಇತ್ತೆಂದು ಯಾರೋ ಹೇಳಿದರು. ಅವನು ಅಳಲಿಲ್ಲ. ಅವಳ ಮೊಣಕಾಲು ನೋಡಿದ, ನಿಜಕ್ಕೂ ಊದಿಕೊಂಡಿತ್ತು.

ನಾಲ್ಕನೆಯ ದಿನ ಕೆಲಸಕ್ಕೆ ಹೋದ. ಮನೆಯಲ್ಲಿ ಕೂತು ಏನು ಮಾಡುವುದು? ಮೇಡಂ ರಜೆ ಕೊಡುತ್ತೇನೆಂದರು, ಬೇಡವೆಂದ. ಅಂದಿನ ಮುನ್ಸೂಚನೆ ಸರಿಯಾಗಿತ್ತೆಂದು ಮೇಲಿನ ಕಚೇರಿಯಿಂದ ಮೆಚ್ಚುಗೆಯ ಕಾಗದ ಬಂದಿತ್ತು. ಬಲೂನು ಸಿಬ್ಬಂದಿಗೂ ಅದರಲ್ಲಿ ಒಂದು ಸಾಲು ಇತ್ತು. ಮೇಡಂ ಅದನ್ನು ಅವನಿಗೆ ತೋರಿಸಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ತೋರಿಸಿದರು. "ನಾವು ಹೇಳಿದ್ವಿ. ಜನ ಕೇಳ್ಲಿಲ್ಲ," ಎಂದರು. ಅವರಿಗೆ ನಿಜ ಹೇಳಿಬಿಡಬೇಕೆನ್ನಿಸಿತು. ಹೇಳಲಿಲ್ಲ. ಅಕ್ಕನೊಬ್ಬಳ ವಿಷಯ, ಅದು ನನಗೂ ಅವಳಿಗೂ ಸೇರಿದ್ದು ಎಂದುಕೊಂಡ.

ಒಂಬತ್ತನೆಯ ದಿನ, ಎರಡು ಗಂಟೆಗೆ ಸರಿಯಾಗಿ ಫೋನು ಬಂತು.

"ಅಣ್ಣಾ, ನಾನು ಎದುರುಮನೆ ಟೈಲರಮ್ಮ. ಮುಚ್ಚಳ ಹೇಗಿದೆ ಇವತ್ತು?"

ಅವನು ಗ್ಯಾಸಿನ ಕೋಣೆಯ ಗೋಡೆಗೆ ಒರಗಿದ. "ಮುಚ್ಚಳದ ವಿಷಯ ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನಣ್ಣಾ! ದಿನಾ ಎರಡೂಕಾಲು ಗಂಟೆಗೆ ಅಕ್ಕ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೂಗಿ ಹೇಳ್ತಿದ್ರಲ್ಲ. ರೇಡಿಯೋದವ್ರು ಇಡೀ ಬಯಲಿಗೆ ಹೇಳ್ತಾರೆ, ನನ್ನ ತಮ್ಮ ನಮ್ಮ ಸಾಲಿಗೆ ಅಂತ ಹೇಳ್ತಾನೆ ಅಂತ. ಅಕ್ಕ ಇಳಿದ್ರೆ ಸಾಲೇ ಇಳೀತಿತ್ತು. ಹನ್ನೊಂದ್ಸಲವೂ ನನ್ನ ನೆಲಮಾಳಿಗೇಲಿ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅವತ್ತು ಮೋಡ ಕವಿದು ಕತ್ತಲಾದಾಗ ಎಲ್ರೂ ಅವರಿಗೇ ಫೋನ್ ಮಾಡಿದ್ದು. ಇಳೀಬೇಕಾ ಅಂತ. ಕೊನೇಗೆ ನಾನೇ ಮಾಡಿದ್ದು ಅಣ್ಣಾ. ಬನ್ನಿ ಅಂದೆ, ನಿಮಗೇ ಅಂತ ಕುರ್ಚಿಗೆ ದಿಂಬು ಹೊಲಿದು ಇಟ್ಟಿದೀನಿ ಅಂದೆ. ನಕ್ಕುಬಿಟ್ರು. ನನ್ನ ತಮ್ಮ ಹೇಳಿದಾನೆ, ಮುಚ್ಚಳ ಗಟ್ಟಿಯಿದೆ, ನೀನು ಹೊಲಿಗೆ ನೋಡ್ಕೋ ಹೋಗು ಅಂದ್ರು." ಟೈಲರಮ್ಮ ಮೂಗು ಸೀಟಿದಳು. "ಕೊನೇವರ್ಗೂ ಎಷ್ಟು ನಂಬಿಕೆ ನಿಮ್ಮ ಮೇಲೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೊಗಳುತ್ತಿದ್ದಳು. ಒಬ್ಬಳಿಗೆಂದು ಆಡಿದ ಮಾತು ಹದಿನಾಲ್ಕು ಬಾಗಿಲು ಮುಟ್ಟಿತ್ತು, ಏಳು ಜನರನ್ನು ಮನೆಯೊಳಗೇ ಕೂರಿಸಿತ್ತು. ಹದಿನಾರು ಸಲವೂ ಅವನ ಫೋನಿಗೆ ಅಡ್ಡ ಬಂದದ್ದು ಅದೇ ಮಾತು.

"ಹೇಳಣ್ಣಾ, ಎಲ್ರೂ ಕಾಯ್ತಿದಾರೆ. ಹೇಗಿದೆ?"

ತಲೆಯೆತ್ತಿ ನೋಡಿದ. ತೊಳೆದಿಟ್ಟ ತಟ್ಟೆಯಂಥ ಆಕಾಶ. ಅಂದಿನ ಪರದೆಯಲ್ಲಿ ಕುದಿಯುವಂಥದ್ದೇ ಏನೂ ಇರಲಿಲ್ಲ.

"ಇಳೀರಿ," ಎಂದ. "ಎಲ್ರೂ ಇಳೀರಿ."

ಮರುದಿನವೂ ಫೋನು ಬಂತು, ಇಳೀರಿ ಎಂದ. ಅದರ ಮರುದಿನವೂ ಹಾಗೇ ಹೇಳಿದ. ನಕ್ಷೆ ಹಳದಿಯಿದ್ದರೂ, ಬಣ್ಣವೇ ಇಲ್ಲದಿದ್ದರೂ, ಅವನ ಬಾಯಿಂದ ಬೇರೆ ಮಾತು ಬರುವುದು ಸಾಧ್ಯವಿರಲಿಲ್ಲ. ಹತ್ತು ದಿನ ಸಾಲು ಇಳಿಯಿತು. ಹನ್ನೊಂದನೆಯ ದಿನ ಟೈಲರಮ್ಮ, "ಇವತ್ತೂನಾ ಅಣ್ಣಾ? ಬಿಸಿಲು ಕಣ್ಣು ಕುಕ್ತಿದೆಯಲ್ಲ," ಎಂದಳು. ಎರಡು ವಾರ ಕಳೆಯುವಷ್ಟರಲ್ಲಿ ಫೋನು ಬರುವುದು ನಿಂತಿತು. ಪಾಪ, ಅಕ್ಕ ಹೋದ ಮೇಲೆ ಅವನಿಗೆ ತಲೆ ಸರಿಯಿಲ್ಲ ಎಂದು ಸಾಲಿನವರು ಮಾತಾಡಿಕೊಂಡರಂತೆ.

ವಸಂತ ಇನ್ನೇನು ಮುಗಿಯಬೇಕು ಎನ್ನುವಾಗ ಒಂದು ಮಧ್ಯಾಹ್ನ ಮೇಡಂ ಮತ್ತೆ ನಕ್ಷೆಗೆ ಕೆಂಪು ತುಂಬಿದರು. ಮುಚ್ಚಳವೆನ್ನುವುದು ಹೆಸರಿಗೂ ಇರಲಿಲ್ಲ. ಎರಡು ಗಂಟೆಯಾಯಿತು, ಎರಡೂಕಾಲಾಯಿತು. ಕೊನೆಗೆ ಅವನೇ ಫೋನು ಮಾಡಿದ.

"ಇಳೀರಿ," ಎಂದ. "ಇವತ್ತು ನಿಜವಾಗ್ಲೂ ಇಳೀಬೇಕು. ನನ್ನ ಮಾತು ಕೇಳಿ."

"ಆಯ್ತಣ್ಣಾ, ಆಯ್ತು. ಇಳೀತೀವಿ," ಎಂದಳು ಟೈಲರಮ್ಮ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. "ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಅವಳ ಹಿಂದೆ ಸಾಲುಮನೆಯ ಗಂಡಸರು ಮಾಡಿನ ಮೇಲೆ ಕೂತು ಹೊಸ ತಗಡು ಬಡಿಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಈಗ ನಿಲ್ಲುತ್ತದೆ, ಇನ್ನೇನು ಇಳಿಯುತ್ತಾರೆ ಎಂದು ಅವನು ಫೋನು ಕಿವಿಗೆ ಒತ್ತಿಕೊಂಡು ನಿಂತ. ಸುತ್ತಿಗೆ ನಿಲ್ಲಲಿಲ್ಲ.