ಅವ್ವನ ಹಂಡೆ ಮತ್ತು ನಿಲ್ಲದ ಗಾಲಿ

ಸಿಂಧನೂರಿನಲ್ಲಿ ಮೋಟರು ವೈಂಡಿಂಗ್ ಮಾಡುವ ಅಂಗಡಿಗಳ ಮುಂದೆ ಹಾದುಹೋದರೆ ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬಡಿಯುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ; ನಾನು ಕುರ್ಚಿ ಎಳೆದುಕೊಂಡು ಕೂಡುತ್ತೇನೆ. ಮೊನ್ನೆ ನನ್ನ ಹೊಲದ ಪಂಪಿನ ಮೋಟರು ಸುಟ್ಟು ಹಾಗೆ ಕುಳಿತಿದ್ದಾಗ ಬಿಳಿ ಅಂಗಿಯ ಮನುಷ್ಯನೊಬ್ಬ ಬಂದ. ಮೋಟರಿಗೆ ಒಂದು ಡೈನಮೋ ಕೂಡಿಸುತ್ತಾನಂತೆ. ಮೋಟರು ಡೈನಮೋವನ್ನು ತಿರುಗಿಸುತ್ತದೆ, ಡೈನಮೋ ಕೊಟ್ಟ ಕರೆಂಟಿನಿಂದ ಅದೇ ಮೋಟರು ತಿರುಗುತ್ತದೆ, ನಡುವೆ ಹೊಲಕ್ಕೆ ನೀರು ಪುಕ್ಕಟೆ. "ನಿಮ್ಮ ಮೋಟರ್ ನನಗ ಕೊಡ್ರಿ ಅಜ್ಜಾರ, ಮೊದಲ ನಿಮ್ಮ ಹೊಲದಾಗ ಮಾಡಿ ತೋರಸ್ತೀನಿ," ಅಂದ.

ಇಂಥವರಿಗೆ ತಿಳಿಸಿ ಹೇಳುವುದರಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಆವತ್ತೂ ಬಾಯಿ ತೆರೆದೆ. ಆದರೆ ಮಾತು ಹೊರಡುವ ಮೊದಲು ಅವ್ವ ನೆನಪಾದಳು.

ನಿಜಾಮರ ಕಾಲದ ಮಾತು. ಮಸ್ಕಿಗೂ ಲಿಂಗಸುಗೂರಿಗೂ ನಡುವೆ ನಮ್ಮ ಊರು. ಹೆಸರು ಹೇಳುವುದಿಲ್ಲ, ಅಲ್ಲಿ ನನ್ನ ಬಂಧುಗಳು ಇನ್ನೂ ಬಾಳಬೇಕು. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ಅವ್ವ ಶಂಕ್ರವ್ವ ಮತ್ತು ನಾನು. ಲಿಂಗಸುಗೂರಿನಲ್ಲಿ ಉರ್ದುವಿನಲ್ಲಿ ಓದಿ ಊರಿಗೆ ಮರಳಿದ್ದೆ. ಅಯಸ್ಕಾಂತ ಎಂಬ ಮಾತನ್ನು ಕನ್ನಡದಲ್ಲಿ ಕೇಳುವ ಮೊದಲೇ ಅದನ್ನು ಮಿಖ್ನಾತೀಸ್ ಎಂದು ಬಾಯಿಪಾಠ ಮಾಡಿದ್ದೆ, ವಿದ್ಯುತ್ತನ್ನು ಬರ್ಕ್ ಎಂದು. ನೌಕರಿ ಇರಲಿಲ್ಲ. ಮೀಸೆ ಸರಿಯಾಗಿ ಬರುವ ಮೊದಲೇ ಜಂಬ ಮಾತ್ರ ಬಂದಿತ್ತು.

ಊರ ದೇಸಾಯರ ಮಾತೆಂದರೆ ನಮಗೆ ಫರ್ಮಾನು. ಅವರ ಹೆಂಡತಿಯ ತಮ್ಮ ಹೈದರಾಬಾದಿನಲ್ಲಿ ಕೆಲಕಾಲ ಇದ್ದು ಬಂದಿದ್ದ. ಊರೆಲ್ಲ ಅವನನ್ನು ಮಾಮಾಸಾಹೇಬ ಎನ್ನುತ್ತಿತ್ತು. ಎತ್ತು ಬೇಡ, ಎಣ್ಣೆ ಬೇಡ, ಅಯಸ್ಕಾಂತದ ಬಲದಿಂದಲೇ ಎಂದೂ ನಿಲ್ಲದೆ ತಿರುಗಿ ಬಾವಿಯ ನೀರು ಎತ್ತುವ ಗಾಲಿ ಮಾಡುತ್ತೇನೆ ಎಂದು ಅವನು ಹೊರಟ. ಗಾಲಿಗೆ ತಾಮ್ರದ ಹೊದಿಕೆ ಬೇಕಂತೆ. ಹಾಗಾಗಿ ಮನೆಗೊಂದು ತಾಮ್ರದ ಪಾತ್ರೆ ಕೊಡಬೇಕೆಂದು ದೇಸಾಯರು ಡಂಗುರ ಹೊಡೆಸಿದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅವ್ವ ತವರಿನಿಂದ ತಂದ ಸ್ನಾನದ ಹಂಡೆ.

ಜನ ಪೆದ್ದರಾಗಿದ್ದರು ಎಂದು ನಗಬೇಡಿ. ಬೇಸಿಗೆಯಲ್ಲಿ ದೇಸಾಯರ ಬಾವಿಯಿಂದ ಹಗ್ಗ ಜಗ್ಗಿ ಅಂಗೈ ಸುಲಿದುಕೊಂಡ ಹೆಂಗಸರಿಗೆ ತಾನೇ ತಿರುಗುವ ಗಾಲಿಯ ಆಸೆ ಹುಟ್ಟದೆ ಇರುತ್ತದೆಯೇ? ಅವ್ವನಿಗೂ ಆಸೆ ಇತ್ತು. "ತಿರುಗತೈತೇನೋ?" ಎಂದು ನನ್ನನ್ನೇ ಕೇಳಿದಳು.

"ತಿರುಗಂಗಿಲ್ಲ," ಅಂದೆ. "ಮಾಡಿ ತೋರಸ್ತೀನಿ, ತಡಿ."

ಲಿಂಗಸುಗೂರಿಗೆ ಹೋಗಿ, ಬಸ್ಸಿನ ಕೆಟ್ಟ ಹಾರ್ನಿನೊಳಗಿನ ಅರಗು ಬಳಿದಂಥ ತೆಳು ತಂತಿಯನ್ನೂ ಒಂದು ಮುರುಕು ಅಯಸ್ಕಾಂತವನ್ನೂ ಬೇಡಿ ತಂದೆ. ತಂತಿಯನ್ನು ಸುಣ್ಣದ ಡಬ್ಬಿಗೆ ಸುತ್ತಿ, ಬಳೆಯಂತೆ ಬಿಚ್ಚಿ ತೆಗೆದು, ಎರಡು ತುದಿಗಳನ್ನು ಆಚೀಚೆ ನೆಟ್ಟಗೆ ಚಾಚಿದೆ. ಹಲಗೆಯ ಮೇಲೆ ಅವ್ವನ ಎರಡು ಸೇಫ್ಟಿ ಪಿನ್ನು ನಿಲ್ಲಿಸಿ, ಅವುಗಳ ಕಣ್ಣಿನಲ್ಲಿ ತುದಿಗಳನ್ನು ಕೂಡಿಸಿ, ಕೆಳಗೆ ಅಯಸ್ಕಾಂತ ಇಟ್ಟು, ಪಿನ್ನುಗಳಿಗೆ ಬ್ಯಾಟರಿಯ ಸೆಲ್ ಮುಟ್ಟಿಸಿದೆ. ಸುರುಳಿ ಮೈಮೇಲೆ ದೇವರು ಬಂದಂತೆ ಗಡಗಡ ನಡುಗಿ ನಿಂತುಬಿಟ್ಟಿತು. ಎರಡೂ ತುದಿಗಳ ಲೇಪವನ್ನು ಪೂರ್ತಿ ಕೆರೆದಿದ್ದೆ, ಅದೇ ತಪ್ಪು. ಒಂದು ತುದಿಯನ್ನು ಪೂರ್ತಿ ಕೆರೆಯಬೇಕು, ಇನ್ನೊಂದನ್ನು ಅರ್ಧ ಮಗ್ಗುಲು ಮಾತ್ರ. ಅರ್ಧ ಸುತ್ತು ಬರ್ಕ್ ಹರಿದು ತಳ್ಳಬೇಕು, ಉಳಿದರ್ಧ ಕೈಬಿಡಬೇಕು. ಇಲ್ಲದಿದ್ದರೆ ಮುಂದೆ ತಳ್ಳಿದ್ದನ್ನೇ ಅದು ಹಿಂದಕ್ಕೆ ಎಳೆಯುತ್ತದೆ. ಹೊಸ ತಂತಿ ಸುತ್ತಿ, ಹಾಗೇ ಕೆರೆದು, ಬೆರಳಿನಿಂದ ಒಮ್ಮೆ ಮೀಟಿದೆ. ಗಿರ್ರೆಂದು ತಿರುಗಿತು. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ನೋಡಿದಳು. ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವ ನೌಕರಿಯಲ್ಲೂ ಸಿಗಲಿಲ್ಲ.

ಸಂಜೆ ದೇಸಾಯರ ವಾಡೆಯ ಕಟ್ಟೆಯ ಮೇಲೆ ಊರ ಮುಂದೆ ಆ ಪುಟ್ಟ ಮೋಟರನ್ನು ತಿರುಗಿಸಿದೆ. ಸೆಲ್ ತೆಗೆದೆ. ನಿಂತಿತು. "ನೋಡ್ರಿ, ತಿರುಗಸೂದು ಸೆಲ್ಲು. ಅಯಸ್ಕಾಂತ ತಾನಾ ಏನೂ ಕೊಡಂಗಿಲ್ಲ. ಹಾಕಿದಷ್ಟ ಬರತೈತಿ, ಅದರಾಗೂ ಚೂರು ಸೋರತೈತಿ," ಅಂದೆ.

ಮಾಮಾಸಾಹೇಬ ನಕ್ಕ. "ತಮ್ಮಾ, ನಿಂದು ಸೆಲ್ ತೆಗದ್ರ ನಿಂದರತೈತಿ, ಖರೆ. ನಮ್ಮದರಾಗ ತೆಗ್ಯಾಕ ಸೆಲ್ಲ ಇಲ್ಲ. ಇನ್ನ ನಿಂದರೂದು ಹೆಂಗ?"

ಜನ ಹೌದೌದು ಎಂದು ತಲೆಯಾಡಿಸಿದರು. ನನ್ನ ಮೋಟರನ್ನು ನೋಡಿದ ಮೇಲೆ, ಇಷ್ಟು ಸಣ್ಣದೇ ತಿರುಗಿದರೆ ದೊಡ್ಡದು ತಿರುಗದೇ ಇದ್ದೀತೇ ಎಂಬ ನಂಬಿಕೆ ಅವರಿಗೆ ಇನ್ನೂ ಗಟ್ಟಿಯಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದೆ ಎಂದು ಹೇಳಬಹುದಿತ್ತು, ಆದರೆ ನಾನು ಬಾರಿಸಿದ ಕಿನ್ನರಿಗೆ ಮಾಮಾಸಾಹೇಬನೇ ಕುಣಿದುಬಿಟ್ಟಿದ್ದ.

ಮರುದಿನ ಬೆಳಿಗ್ಗೆ ತಳವಾರ ಹಂಡೆ ಕೇಳಲು ಬಂದ. ಅವ್ವ ಹಂಡೆಯನ್ನು ಅಂಗಳದಲ್ಲಿ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು. ತಳವಾರ ಹಿಂದಿರುಗಿ ಹೋದ, ಸ್ವಲ್ಪ ಹೊತ್ತಿಗೆ ಖುದ್ದು ದೇಸಾಯರೇ ಬಂದರು. ನಾನು ಬಾಗಿಲ ಮರೆಯಲ್ಲಿ ಮೋಟರನ್ನು ಕೈಯಲ್ಲಿ ಹಿಡಿದು ನಿಂತಿದ್ದೆ, ಅದರಿಂದ ಯಾರಿಗೆ ಏನು ಉಪಯೋಗವೋ.

"ಶಂಕ್ರವ್ವ, ಎಲ್ಲಾರೂ ಕೊಟ್ಟಾರ. ನಿಂದೊಂದ ಏನು?"

"ಗಾಲಿ ತಿರುಗಿ ಒಂದು ಕೊಡ ನೀರು ಎತ್ತಲಿ ಧಣ್ಯಾರ. ಹಂಡೇನ ತಲಿ ಮ್ಯಾಲ ಹೊತ್ತು ತಂದು ನಾನ ಕೊಡತೀನಿ."

"ತಾಮ್ರ ಹಾಕದ ತಿರುಗಂಗಿಲ್ಲಂತ."

"ನಿಮ್ಮ ಅಡಗಿಮನ್ಯಾಗ ಇರೂ ತಾಮ್ರ ಎಲ್ಲಾ ಹಾಕೀರೇನ್ರಿ?"

ದೇಸಾಯರ ವಾಡೆಯಿಂದ ಒಂದು ತಂಬಿಗೆಯೂ ಹೊರಬಂದಿರಲಿಲ್ಲ. ಪಾತ್ರೆ ತಿಕ್ಕುವ ಹೆಂಗಸರಿಗೆಲ್ಲ ಅದು ಗೊತ್ತಿತ್ತು, ಬಾಯಿಬಿಟ್ಟವರು ಇರಲಿಲ್ಲ. ಅವ್ವ ಏಳಲಿಲ್ಲ. ದೇಸಾಯರು ಹೊರಟುಹೋದರು.

ಅಂದಿನಿಂದ ಧಣಿಯ ಬಾವಿ ನಮಗೆ ಬಂದ್ ಆಯಿತು. ಹಳ್ಳದ ಉಸುಕಿನಲ್ಲಿ ವರತೆ ತೋಡಿ ಅವ್ವ ನೀರು ತರುತ್ತಿದ್ದಳು. ಗಾಲಿಯೂ ತಯಾರಾಯಿತು. ನೂಕಿದರೆ ಚೂರು ತಿರುಗಿತು, ಕೈಬಿಟ್ಟರೆ ನಿಂತಿತು. ಕುಣಿಯಲಾರದವರಿಗೆ ಅಂಗಳ ಡೊಂಕಂತೆ: ಶಂಕ್ರವ್ವನ ಹಂಡೆಯ ತಾಮ್ರ ಕಮ್ಮಿ ಬಿತ್ತು, ಅದಕ್ಕೇ ನಿಂತಿತು ಎಂದ ಮಾಮಾಸಾಹೇಬ. ಊರೂ ಅದನ್ನೇ ನಂಬಿತು. ಪಾತ್ರೆ ಕಳೆದುಕೊಂಡವರು ಅವ್ವನನ್ನು ಬಯ್ದರು. ಬಯ್ಯುತ್ತಲೇ, ಮನೆಯಲ್ಲಿ ಬಾಣಂತಿ ಇದ್ದಾಗ ನೀರು ಕಾಯಿಸಲು ನಮ್ಮ ಹಂಡೆಯನ್ನೇ ಕೇಳಿಕೊಂಡು ಬಂದರು. ವಾಡೆಯನ್ನು ಬಿಟ್ಟರೆ ಊರಿನಲ್ಲಿ ಇನ್ನೊಂದು ಹಂಡೆ ಉಳಿದಿರಲಿಲ್ಲ. ಅವ್ವ ಬಂದವರಿಗೆಲ್ಲ ಕೊಟ್ಟಳು, ಒಬ್ಬರಿಗೂ ಚುಚ್ಚಿ ಮಾತಾಡಲಿಲ್ಲ. ನನಗೆ ಮಾತ್ರ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹಂಡೆ ಉಳಿದದ್ದು ನನ್ನ ಮೋಟರಿನಿಂದ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಸುಳ್ಳು. ಮೋಟರು ಒಬ್ಬರ ಮನಸ್ಸನ್ನೂ ತಿರುಗಿಸಲಿಲ್ಲ.

ಅಂಗಡಿಯಲ್ಲಿ ಬಿಳಿ ಅಂಗಿಯವನು ಇನ್ನೂ ಕಾಯುತ್ತಿದ್ದ.

"ನಿಮ್ಮ ಹೊಲದಾಗ ಕೂಡಿಸೀರೇನು?" ಎಂದು ಕೇಳಿದೆ.

"ಇನ್ನೂ ಇಲ್ರಿ."

"ಹಂಗಾರ ನಾ ಕೊಡಂಗಿಲ್ಲ."

"ಯಾಕ್ರಿ ಅಜ್ಜಾರ?"

ಬರ್ಕ್, ಮಿಖ್ನಾತೀಸ್, ಅರ್ಧ ಕೆರೆದ ತಂತಿ, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ನಾನು ಶಂಕ್ರವ್ವನ ಮಗ. ಕಾರಣ ಹೇಳದೆ, ಕುರ್ಚಿ ಬಿಟ್ಟೆದ್ದು ಸುಟ್ಟ ಮೋಟರಿನ ಮೇಲೇ ಹೋಗಿ ಕುಳಿತೆ.