ಎಮ್ಮೆ ಪೋಸ್ಟಿಂಗ್

ನಾನು ಓದುತ್ತಿದ್ದ ಕೋರ್ಸಿನ ಹೆಸರು ಫಿಜಿಷಿಯನ್ ಅಸಿಸ್ಟೆಂಟ್. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಅದೇನೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಕಾಂಪೌಂಡರ್ ಅಂದರೆ ನನಗೆ ಕೆಂಡದಂಥ ಸಿಟ್ಟು. ಬಂಗಾರಪೇಟೆ ಸಂತೆಯಲ್ಲಿ ಯಾರಾದರೂ "ಮಗಳು ಏನು ಓದ್ತವ್ಳೆ?" ಎಂದು ಕೇಳಿದರೆ ನಮ್ಮಪ್ಪ ಬಲು ಗಂಭೀರವಾಗಿ, "ಲಾರಿಗೆ ಕ್ಲೀನರ್ ಇರಲ್ವಾ, ಅಂಗೆ ಡಾಕ್ಟ್ರಿಗೆ ಇವ್ಳು" ಎಂದು ಹೇಳಿಬಿಡುತ್ತಿದ್ದ. ಕೇಳಿದವರಿಗೆ ತಟ್ಟನೆ ಅರ್ಥವಾಗುತ್ತಿತ್ತು. ನಾನು ಎಷ್ಟು ಜಗಳವಾಡಿದರೂ ಅಪ್ಪ ಆ ವಿವರಣೆ ಬದಲಾಯಿಸಲಿಲ್ಲ.

ಕೊನೆಯ ವರ್ಷ ಪುಸ್ತಕ ಮುಚ್ಚಿಟ್ಟು ವಾರ್ಡಿನಿಂದ ವಾರ್ಡಿಗೆ ತಿರುಗಬೇಕಿತ್ತು. ಒಂದು ತಿಂಗಳು ಮೆಡಿಸಿನ್, ಒಂದು ತಿಂಗಳು ಸರ್ಜರಿ, ಆಮೇಲೆ ಮಕ್ಕಳು, ಹೆರಿಗೆ. ಅದಕ್ಕೇ ಪೋಸ್ಟಿಂಗ್ ಅನ್ನುತ್ತಿದ್ದದ್ದು. ನನ್ನನ್ನು ಹಾಕಿದ್ದು ಕೆಜಿಎಫ್‌ನ ಒಂದು ಸಣ್ಣ ಆಸ್ಪತ್ರೆಗೆ, ಚಾಂಪಿಯನ್ ರೀಫ್ಸ್ ಕಡೆ. ಹೋಗುವ ಮೊದಲು ರಾಬರ್ಟ್‌ಸನ್‌ಪೇಟೆಯಲ್ಲಿ ಬಿಳಿ ಕೋಟು ಹೊಲಿಸಿಕೊಂಡೆ. ಟೈಲರ್ ತೋಳನ್ನು ಒಂದು ಗೇಣು ಉದ್ದ ಬಿಟ್ಟು, "ತೊಳೆದರೆ ಕುಗ್ಗತ್ತಮ್ಮ" ಎಂದ. ಪ್ರತಿ ಭಾನುವಾರ ತೊಳೆದೆ. ಬಟ್ಟೆ ಸವೆಯಿತೇ ಹೊರತು ತೋಳು ಕುಗ್ಗಲಿಲ್ಲ. ಇದ್ದದ್ದೊಂದೇ ಕೋಟು, ಅದರ ಮೇಲೆ ನನಗೆ ಪ್ರಾಣ.

ಆ ಆಸ್ಪತ್ರೆ ನನಗೆ ಮೊದಲ ದಿನವೇ ಹಿಡಿಸಿತು. ಅಲ್ಲಿನ ರೋಗಿಗಳು ನೋವನ್ನು ತೆಲುಗಿನಲ್ಲಿ ಹೇಳಿ, ಊಟದ ಬಗ್ಗೆ ಕನ್ನಡದಲ್ಲಿ ದೂರಿ, ನಮ್ಮನ್ನು ತಮಿಳಿನಲ್ಲಿ ಬೈಯುತ್ತಿದ್ದರು. ಗಣಿಯೊಳಗೆ ಸಿಡಿಮದ್ದು ಹಾರಿಸಿದಾಗ ನೆಲ ಸಣ್ಣಗೆ ಅದುರಿ, ಬೀರುವಿನಲ್ಲಿದ್ದ ಔಷಧಿ ಶೀಸೆಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಮೊದಲ ಸಲ ನಾನು ಭೂಕಂಪವೆಂದು ಮಂಚದ ಕೆಳಗೆ ಬಗ್ಗಿದ್ದೆ. ಪಕ್ಕದ ಮಂಚದ ರೋಗಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದಳು.

ಸರ್ಜರಿ ವಾರ್ಡಿನಲ್ಲಿ ಇಬ್ಬರ ರಾಜ್ಯ. ಒಬ್ಬರು ನಮ್ಮ ಡಾಕ್ಟರು, ತೆಳ್ಳಗೆ, ಎತ್ತರಕ್ಕೆ ಇದ್ದರು, ಮಾತು ಕಡಿಮೆ. ಪ್ರಶ್ನೆ ಮಾತ್ರ ಕೇಳುತ್ತಿದ್ದರು, ಉತ್ತರ ನಾವೇ ಹುಡುಕಬೇಕು. ಇನ್ನೊಬ್ಬರು ವಾರ್ಡ್ ಸಿಸ್ಟರು, ತಮಿಳಿನವರು. ಅವರ ಚಪ್ಪಲಿ ಸದ್ದು ಕೇಳಿದರೆ ರೋಗಿಗಳೂ ಹೊದಿಕೆ ಸರಿಮಾಡಿಕೊಳ್ಳುತ್ತಿದ್ದರು.

ಡಿಸೆಂಬರಿನ ಒಂದು ಬೆಳಗ್ಗೆ ಕಿಟಕಿ ಪಕ್ಕದ ಮಂಚಕ್ಕೆ ಒಬ್ಬ ಹೆಂಗಸು ಬಂದಳು. ಐವತ್ತೈದರ ಆಸುಪಾಸು, ಗಟ್ಟಿ ಆಳು. ಚಿನ್ನ ತೆಗೆದು ಉಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬದ ಆಚೆಗಿನ ಹಳ್ಳಿಯವಳು. ಸಕ್ಕರೆ ಕಾಯಿಲೆ ಇತ್ತು, ಅದರ ಮೇಲೆ ಬಲಗಾಲಿಗೆ ಮೊಳೆ ಹೊಕ್ಕು ಕೀವು ತುಂಬಿತ್ತು. ಕಿರುಬೆರಳು ಕಪ್ಪಾಗಿತ್ತು, ಪಾದವೆಲ್ಲ ಕೆಂಪಗೆ ಊದಿತ್ತು. ಹಿಂದಿನ ವಾರ ಒಮ್ಮೆ ದಾಖಲಾಗಿ, ಅದೇ ಸಂಜೆ ಯಾರಿಗೂ ಹೇಳದೆ ಕುಂಟುತ್ತಾ ಮನೆಗೆ ಹೋಗಿಬಿಟ್ಟಿದ್ದಳಂತೆ. ಈಗ ಮಗ ಸೈಕಲ್ ಮೇಲೆ ಕೂರಿಸಿಕೊಂಡು ಮತ್ತೆ ತಂದಿದ್ದ.

ಡಾಕ್ಟರು ಕಾಲು ನೋಡಿ, ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಕೆಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿಗೆ ಚರ್ಮದ ಮೇಲೇ ಒಂದು ಗೆರೆ ಎಳೆದರು. "ದಿನಾ ನೋಡು. ಕೆಂಪು ಈ ಗೆರೆ ದಾಟಿ ಮೇಲೆ ಹೋದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗತ್ತೆ. ಕಾಲು ನೆಲಕ್ಕೆ ಊರದೆ ಮಂಚದ ಮೇಲಿದ್ದರೆ ಉಳಿಯಬಹುದು. ಇವರು ಹೋದ ಸಲ ಯಾಕೆ ಓಡಿಹೋದರು?"

ನಾನು ಕೇಸ್ ಬರೆದಿದ್ದೆ. ಜ್ವರ, ಹಸಿವು, ನಿದ್ದೆ, ಎಲ್ಲವನ್ನೂ ಕೇಳಿದ್ದೆ. ಅದೊಂದು ಕೇಳಿರಲಿಲ್ಲ.

"ಹೋಗಿ ಕೇಳು" ಎಂದು ಡಾಕ್ಟರು ಮುಂದಿನ ಮಂಚಕ್ಕೆ ನಡೆದರು.

ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೇನ್ ಗೊತ್ತಾಯ್ತದೆ ಬಿಡು, ಕೋಟು ಆಕ್ಕೊಂಡಿರೋಳ್ಗೆ" ಎಂದಳು. ಆಮೇಲೆ ಅವಳೇ ಹೇಳಿದಳು. "ಮನೇಲಿ ಎಮ್ಮೆ ಐತೆ. ಕರು ಸತ್ತೋಯ್ತು. ನಾನು ಕೂತ್ರೆ ಮಾತ್ರ ಆಲು ಬಿಡ್ತದೆ. ಬೇರೆಯೋರು ಮುಟ್ಟಿದ್ರೆ ಒದೀತದೆ. ಕರೀದೆ ಬಿಟ್ರೆ ಕೆಚ್ಚಲು ಬಾವು ಬತ್ತದೆ. ಸಾಯಂಕಾಲ ನಾನು ಓಗ್ಲೇಬೇಕು ಕಣೇ."

ಸಿಸ್ಟರು ನಕ್ಕರು. ಪಕ್ಕದ ಮಂಚದವಳೂ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ನಾನೂ ಹಾಲು ಮಾರಿ ಬದುಕುವ ಮನೆಯವಳು. ಅಂಥ ಎಮ್ಮೆಗಳನ್ನು ನೋಡಿದ್ದೇನೆ.

"ಮಗ ಕರೆಯಲ್ವಾ ದೊಡ್ಡಮ್ಮ?" ಎಂದೆ.

"ಅವ್ನಾ? ಗಣೀಲಿ ಪಾತಾಳಕ್ಕೆ ಇಳೀತಾನೆ. ಎಮ್ಮೆ ಅತ್ರ ಓಗು ಅಂದ್ರೆ ಕೈಕಾಲು ನಡುಗ್ತದೆ." ಬಾಗಿಲ ಬಳಿ ನಿಂತಿದ್ದ ಮಗ ತಲೆ ತಗ್ಗಿಸಿದ. ಹುಲ್ಲು, ನೀರು ದೂರದಿಂದ ತಳ್ಳುತ್ತಾನಂತೆ. ಅಷ್ಟೇ ಅವನ ಧೈರ್ಯ.

ನನಗೆ ನಮ್ಮಪ್ಪ ನೆನಪಾದ. ತಂಗಿ ಹುಟ್ಟುವಾಗ ಅಮ್ಮ ತವರಿಗೆ ಹೋಗಿದ್ದಳು. ನಮ್ಮ ಸೀಮೆ ಹಸು ಅಪ್ಪನಿಗೆ ಹಾಲು ಬಿಡಲೊಲ್ಲದು. ಕೊನೆಗೆ ಅಪ್ಪ, ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು, ಅಮ್ಮನ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದು ಕೂತು ಹಾಲು ಕರೆದ. ಅಮ್ಮ ಬರುವವರೆಗೂ ದಿನಾ ಎರಡು ಹೊತ್ತು ಅದೇ ವೇಷ. ನಮ್ಮ ಕಡೆ ಇದು ಹೊಸದೇನಲ್ಲ, ಹಸು ಎಮ್ಮೆಗೆ ಸೀರೆಯ ವಾಸನೆಯೇ ಯಜಮಾನತಿ.

ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿನಗೆ ಹಾಲು ಕರೆಯಕ್ಕೆ ಬರತ್ತಾ?"

"ಬರುತ್ತೆ ಸರ್."

"ಸರಿ, ಬೆಳಗ್ಗೆ ರೌಂಡ್ಸಿಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ. ಇದೂ ಒಂದು ಪೋಸ್ಟಿಂಗ್ ಅಂದ್ಕೋ."

ಸೀರೆ ಬಿಚ್ಚಿಸಿ ಆಸ್ಪತ್ರೆ ಗೌನು ಹಾಕುವಾಗ ದೊಡ್ಡಮ್ಮ ದೊಡ್ಡ ಗಲಾಟೆಯನ್ನೇ ಮಾಡಿದಳು. ಕೊನೆಗೆ ಸೀರೆಯನ್ನು ಸುತ್ತಿ ನನ್ನ ಕೈಗಿಟ್ಟು, "ಎಡಗಡೆಯಿಂದ ಓಗ್ಬೇಡ. ಮೊದ್ಲು ಬೆನ್ನು ಸವರು. ಬಾಯ್ ಮುಚ್ಕೊಂಡು ಕೂರ್ಬೇಡ, ಏನಾನಾ ಮಾತಾಡ್ತಾ ಇರು" ಎಂದು ಪಾಠ ಮಾಡಿದಳು.

ಹೀಗೆ ನನ್ನ ಎಮ್ಮೆ ಪೋಸ್ಟಿಂಗ್ ಶುರುವಾಯಿತು. ಬೆಳಗಿನ ಚಳಿಗೆ ಕೋಟು ಹಾಕಿಕೊಂಡು, ಅದರ ಮೇಲೆ ದೊಡ್ಡಮ್ಮನ ಸೀರೆ ಸುತ್ತಿ, ದಿಬ್ಬದ ಪಕ್ಕದ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಪಾಳಿಗೆ ಹೋಗುವ ಗಣಿಯವರು ತಲೆಗೆ ಲೈಟು ಕಟ್ಟಿಕೊಂಡು ಎದುರಾಗಿ, ನನ್ನ ಅವತಾರ ನೋಡಿ ದಾರಿ ಬಿಡುತ್ತಿದ್ದರು. ಎಮ್ಮೆ ಮೊದಲ ದಿನ ನನ್ನನ್ನು ತುಂಬ ಹೊತ್ತು ಮೂಸಿತು. ನಾನು ಬೆನ್ನು ಸವರುತ್ತಾ, ಮಾತಾಡಲು ಬೇರೇನೂ ತೋಚದೆ, ಸಕ್ಕರೆ ಕಾಯಿಲೆಯ ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತಾ ಕೂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನೂ ಆಗದಿರಬಹುದು, ಎಮ್ಮೆಯ ಮುಂದೆ ಪಾಠ ಒಪ್ಪಿಸಿದರೆ ಹಾಲು ಇಳಿಯುತ್ತದೆ. ನನ್ನ ಪರೀಕ್ಷೆಯ ಓದೆಲ್ಲ ಅಲ್ಲೇ ಆಯಿತು.

ವಾರ್ಡಿಗೆ ಬಂದರೆ ದೊಡ್ಡಮ್ಮ ಕಾಯುತ್ತಿರುತ್ತಿದ್ದಳು. ನಾನು ಅವಳ ಕೇಸು ಕೇಳುವ ಮೊದಲು ಅವಳು ಎಮ್ಮೆಯ ಕೇಸು ಕೇಳಬೇಕು. ಮೇವು ತಿಂತಾ, ಸಗಣಿ ಗಟ್ಟಿಗೈತಾ ತೆಳ್ಳಗೈತಾ, ಕೆಚ್ಚಲು ಬಿಸಿ ಐತಾ, ಕಿವಿ ಆಡಿಸ್ತಾ. ಅಷ್ಟಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಮಾತ್ರ ಕಾಲು ಚಾಚಿ ಡ್ರೆಸಿಂಗ್ ಮಾಡಿಸಿಕೊಳ್ಳುತ್ತಿದ್ದಳು. ನಾನು ಬ್ಯಾಂಡೇಜು ಬಿಚ್ಚಿ ಮೊದಲು ಗೆರೆ ನೋಡುತ್ತಿದ್ದೆ. ಕೆಂಪು ಆ ಗೆರೆಯ ಒಳಗೇ ಇದ್ದರೆ ಆವತ್ತಿನ ತಿಂಡಿ ರುಚಿಯಾಗಿರುತ್ತಿತ್ತು.

ಸಿಸ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. "ಎನ್ನಮ್ಮಾ ಇದು, ವಾರ್ಡೆಲ್ಲಾ ಸಗಣಿ ವಾಸನೆ!" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದು, ಡ್ರೆಸಿಂಗಿಗೆ ಆಸ್ಪತ್ರೆಯ ಗೌನು ಹಾಕಿಕೊಂಡರೂ ಅವರು ನನ್ನ ಕೋಟನ್ನು ವಾರ್ಡಿನೊಳಗೆ ಬಿಡದೆ ಹೊರಗಿನ ಮೊಳೆಗೆ ನೇತುಹಾಕಿಸುತ್ತಿದ್ದರು. ಅಷ್ಟು ಪ್ರೀತಿಯ ಕೋಟು ಅಲ್ಲಿ ಛತ್ರಿಗಳ ಜೊತೆ ತೂಗಾಡುತ್ತಿತ್ತು.

ನಾಲ್ಕೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಎರಡೂ ಕಡೆ ಕೆಟ್ಟಿತು. ಹಿಂದಿನ ಸಂಜೆ ಆಯಾ ಒಳ್ಳೆಯ ಮನಸ್ಸಿನಿಂದಲೇ ದೊಡ್ಡಮ್ಮನ ಸೀರೆಯನ್ನು ವಾರ್ಡಿನ ಬಟ್ಟೆಗಳ ಜೊತೆ ಡೆಟಾಲಿನಲ್ಲಿ ನೆನೆಸಿ ಒಗೆದುಬಿಟ್ಟಿದ್ದಳು. ಎಮ್ಮೆ ಆ ಸೀರೆ ಮೂಸಿದ್ದೇ ತಡ, ಹಿಂದೆ ಸರಿದು ಚೆಂಬನ್ನು ಒದೆಯಿತು. ನನಗೆ ಅಳು ಬಂದಂತಾಯಿತು. ಸೀರೆ ಬಿಚ್ಚಿ ಗೋಡೆ ಮೇಲೆ ಹಾಕಿ ಬರೀ ಕೋಟಿನಲ್ಲಿ ಸುಮ್ಮನೆ ಕೂತೆ. ಎಮ್ಮೆ ಕೋಟಿನ ತೋಳನ್ನು ಮೂಸಿತು. ಅಷ್ಟು ದಿನ ಸೀರೆಯ ಕೆಳಗೆ ಆ ಕೋಟೂ ಇತ್ತಲ್ಲ, ಅದಕ್ಕೆ ಪರಿಚಯವಾಗಿತ್ತು. ಹಾಲು ಬಿಟ್ಟಿತು.

ಖುಷಿಯಿಂದ ಓಡಿ ಬಂದು ಬ್ಯಾಂಡೇಜು ಬಿಚ್ಚಿದರೆ ಕೆಂಪು ಆ ಗೆರೆಯನ್ನು ದಾಟಿತ್ತು. ಒಂದು ಬೆರಳಿನಷ್ಟು.

ಡಾಕ್ಟರು ನೋಡಿ, "ಇವತ್ತು ಬೆರಳು ತೆಗೆದು ಒಳಗೆಲ್ಲ ಶುದ್ಧ ಮಾಡೋಣ. ಅದಕ್ಕೂ ಬಗ್ಗದಿದ್ದರೆ ನಾಡಿದ್ದು ಕಾಲು" ಎಂದರು. ಅವಳಿಗೂ ಬಿಡಿಸಿ ಹೇಳಿದರು. ಅಲ್ಲಿಯವರೆಗೆ ಯಾವುದಕ್ಕೂ ಜಗ್ಗದ ಹೆಂಗಸು ಸೀದಾ ನನ್ನ ಕಡೆ ತಿರುಗಿದಳು. "ಒಂದೇ ಕಾಲಾದ್ರೆ ಕುಕ್ಕರಗಾಲಲ್ಲಿ ಎಂಗೇ ಕೂರ್ಲಿ? ಕೂರಕ್ಕೇ ಆಗ್ದಿದ್ ಮೇಲೆ ಎಮ್ಮೆ ಯಾಕೆ ನಂಗೆ?" ಅವಳ ಕಣ್ಣಲ್ಲಿ ನೀರು ನೋಡಿದ್ದು ಆವತ್ತೇ. ನನಗೆ ಭಯವಾಯಿತು. "ಎಮ್ಮೆ ಇವತ್ತೂ ಚೆನ್ನಾಗಿ ಹಾಲು ಕೊಡ್ತು ದೊಡ್ಡಮ್ಮ" ಎಂದೆ. ಅವಳು ಮೂಗೊರೆಸಿಕೊಂಡು, "ಸಗಣಿ?" ಎಂದು ಕೇಳಿದಳು.

ಆಪರೇಷನ್ನಿನಲ್ಲಿ ನಾನು ಕಾಲು ಹಿಡಿದು ನಿಂತಿದ್ದೆ. ಕಿರುಬೆರಳು ಹೋಯಿತು. ಮರುದಿನ ಬ್ಯಾಂಡೇಜು ಬಿಚ್ಚಿ ನೋಡಿದೆ. ಕೆಂಪು ಆ ಗೆರೆಗೆ ಇಳಿದು ನಿಂತಿತ್ತು. ಅದರ ಮರುದಿನ ಗೆರೆಯ ಕೆಳಗಿತ್ತು. ಸಿಸ್ಟರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ತಮ್ಮ ಫ್ಲಾಸ್ಕಿನಿಂದ ನನಗೊಂದು ಲೋಟ ಕಾಫಿ ತಂದುಕೊಟ್ಟರು. ದೊಡ್ಡಮ್ಮ ಹೋದ ಬೆರಳಿಗೆ ಒಂದಿಷ್ಟೂ ಮರುಗಲಿಲ್ಲ. "ಓಗ್ಲಿ ಬಿಡು, ಅದೇನು ಆಲು ಕರೀತಿತ್ತಾ?" ಎಂದಳು.

ಗಾಯ ತುಂಬಲು ಇನ್ನೂ ಬಹಳ ದಿನ ಹಿಡಿಯಿತು. ನನ್ನ ಸರ್ಜರಿ ಮುಗಿದು ಮಕ್ಕಳ ವಾರ್ಡಿಗೆ ಹೋದೆ, ಎಮ್ಮೆ ಪೋಸ್ಟಿಂಗ್ ಮಾತ್ರ ಮುಗಿಯಲಿಲ್ಲ. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದರೆ, "ಕ್ಲೀನರ್ ಕೆಲ್ಸ ಚೆನ್ನಾಗೇ ಕಲಿಸ್ತವ್ರೆ" ಎಂದು ಮೀಸೆ ತಿರುವಿದ. ಆ ರಜೆಯ ದಿನಗಳಲ್ಲಿ ದೊಡ್ಡಮ್ಮನ ಮಗನೇ ನನ್ನ ಕೋಟು ಹಾಕಿಕೊಂಡು ಎಮ್ಮೆಯ ಬಳಿ ಹೋಗಿದ್ದನಂತೆ. ಹಾಲು ಸಿಕ್ಕಿತಂತೆ, ಒದೆಯೂ ಸಿಕ್ಕಿತಂತೆ.

ಬಿಡುಗಡೆಯ ದಿನ ದೊಡ್ಡಮ್ಮ ತನ್ನ ಸೀರೆ ಉಟ್ಟು, ಮಗನ ಸೈಕಲ್ ಹತ್ತಿದಳು. ಬೆಳಗಿನ ಹಾಲಿನ ಹೊತ್ತಾಗಿತ್ತು. ಎಮ್ಮೆಯನ್ನು ಒಪ್ಪಿಸಿಬಿಡೋಣವೆಂದು ನಾನೂ ಹಿಂದೆಯೇ ನಡೆದೆ. ಅವಳು ಕೊಟ್ಟಿಗೆಗೆ ಹೋಗಿ, ಬೆನ್ನು ಸವರಿ, ಹೆಸರು ಹಿಡಿದು ಕರೆದಳು. ಎಮ್ಮೆ ಅವಳನ್ನು ಮೂಸಿ ಮುಖ ತಿರುಗಿಸಿತು. ಮೈಯೆಲ್ಲ ಆಸ್ಪತ್ರೆ ವಾಸನೆ, ಸೀರೆಯೆಲ್ಲ ಡೆಟಾಲು. ಅವಳು ಕೂರಲು ಬಗ್ಗಿದರೆ ಕಾಲು ಝಾಡಿಸಿತು.

ದೊಡ್ಡಮ್ಮ ಗೋಡೆ ಹಿಡಿದು ನಿಂತುಬಿಟ್ಟಳು. "ಮರ್ತೇಬಿಟ್ಟೈತೆ ಕಣೇ ನನ್ನ" ಎಂದಳು. ಕಾಲಿನ ಮಾತು ಬಂದಾಗಲೂ ಆ ದನಿ ಅಷ್ಟು ಕುಗ್ಗಿರಲಿಲ್ಲ. ನನಗೆ ಸಂಕಟವಾಯಿತು. ಬೇರೇನೂ ಯೋಚಿಸದೆ ನನ್ನ ಕೋಟು ಬಿಚ್ಚಿ ಅವಳಿಗೆ ತೊಡಿಸಿದೆ. ಉದ್ದ ತೋಳನ್ನು ಮಡಚಿದೆ. ಬಾಗಿಲಲ್ಲಿ ನಿಂತಿದ್ದ ಮಗ, "ಅಮ್ಮ ಡಾಕ್ಟ್ರಾಗ್ಬಿಟ್ಲು" ಎಂದು ನಕ್ಕ. ಅವಳು ಅವನನ್ನು ಬೈದು, ಎಮ್ಮೆಯ ಕಡೆ ಕೋಟಿನ ತೋಳು ಚಾಚಿದಳು.

ಎಮ್ಮೆ ಮೂಸಿತು. ಇನ್ನೊಮ್ಮೆ ಮೂಸಿತು. ಕಿವಿ ಆಡಿಸಿತು.

ದೊಡ್ಡಮ್ಮ ಗೋಡೆ ಬಿಟ್ಟಳು. ನಿಧಾನವಾಗಿ, ಒಂದು ಕೈ ನನ್ನ ಭುಜದ ಮೇಲಿಟ್ಟು, ಬಿಳಿ ಕೋಟಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಚೆಂಬನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಳು. ಹಾಲು ಚೆಂಬಿನ ತಳಕ್ಕೆ ಚುಂಯ್ ಎಂದು ಬಿತ್ತು. ನಾನು ಹಾಲನ್ನೂ ನೋಡಲಿಲ್ಲ, ಎಮ್ಮೆಯನ್ನೂ ನೋಡಲಿಲ್ಲ. ಆ ಬಲಪಾದವನ್ನೇ ನೋಡುತ್ತಿದ್ದೆ. ಬೆರಳೊಂದು ಇಲ್ಲದ ಆ ಪಾದ ಬ್ಯಾಂಡೇಜಿನೊಳಗೆ ನೆಲಕ್ಕೆ ಸಮನಾಗಿ ಊರಿಕೊಂಡಿತ್ತು. ನಾನು ಅತ್ತೆ, ಸಂತೋಷಕ್ಕೇ ಅತ್ತೆ.

"ಕೋಟು ಇಲ್ಲೇ ಇರ್ಲಿ" ಎಂದಳು ದೊಡ್ಡಮ್ಮ, ತಿರುಗಿಯೂ ನೋಡದೆ.

ಆಸ್ಪತ್ರೆಗೆ ವಾಪಸಾಗಿ, ಸುದ್ದಿ ಹೇಳಲೆಂದು ಮೊದಲು ಸರ್ಜರಿ ವಾರ್ಡಿಗೆ ಹೋದರೆ ರೌಂಡ್ಸ್ ಶುರುವಾಗಿತ್ತು. ಎಲ್ಲರೂ ಬಿಳಿ ಕೋಟಿನಲ್ಲಿ, ನಾನೊಬ್ಬಳು ಹೂವಿನ ಚೂಡಿದಾರದಲ್ಲಿ, ಹೊರಗಿನ ಮೊಳೆಯೂ ಖಾಲಿ. ಸಿಸ್ಟರು ಬಾಯಿ ತೆರೆಯುವ ಮೊದಲೇ ಡಾಕ್ಟರು ಕೇಳಿದರು, "ನಿನ್ನ ಕೋಟೆಲ್ಲಿ?"

"ಎಮ್ಮೆ ಮನೇಲಿ ಸರ್. ದೊಡ್ಡಮ್ಮ ಹಾಕ್ಕೊಂಡು ಹಾಲು ಕರೀತಿದ್ದಾರೆ."

ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರು ನಗಲಿಲ್ಲ. ಕೋಟಿನ ಮಾತು ಅವರಿಗೆ ಮರೆತೇಹೋಗಿತ್ತು.

"ಕುಕ್ಕರಗಾಲಲ್ಲಿ ಕೂತರಾ?"

"ಕೂತರು ಸರ್" ಎಂದೆ. "ಎರಡೂ ಕಾಲ ಮೇಲೆ."