ಹಿರಿಯರು, ಕಿರಿಯರು ಮತ್ತು ನಡುವಿನ ನಾನು

ನಮ್ಮ ಲ್ಯಾಬಿನಲ್ಲಿ ಬೆಳಗಿನ ಹನ್ನೊಂದರ ಚಹಾ ಮೂರು ಬಗೆಯದಾಗಿತ್ತು. ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಗಳ ಪುಟ್ಟ ರಕ್ತಪರೀಕ್ಷೆಯ ಲ್ಯಾಬು ನಮ್ಮದು. ಇಮಾಮಸಾಬ ಚಾಚಾ ಅವರದು ಸಕ್ಕರೆಯಿಲ್ಲದ ಕಡಕ್ ಚಹಾ. ಅದನ್ನವರು ಬಸಿಗೆ ಸುರುವಿಕೊಂಡು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಮಾಲಾಳದು ಚಹಾವೇ ಅಲ್ಲ, ತಣ್ಣನೆಯ ಬಾದಾಮಿ ಹಾಲಿನ ಬಾಟಲಿ. ನನಗೇನು ಬೇಕೆಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಚಾಚಾರ ಎದುರು ಕುಳಿತರೆ ಕಡಕ್ ಚಹಾ, ಮಾಲಾಳ ಪಕ್ಕ ನಿಂತರೆ ಅವಳ ಬಾಟಲಿಯಿಂದ ಎರಡು ಗುಟುಕು. ಇದಕ್ಕೆ ಹೊಂದಾಣಿಕೆ ಎಂದು ಹೆಸರಿಟ್ಟುಕೊಂಡು ನಾನು ಬಹಳ ಕಾಲ ಸುಖವಾಗಿದ್ದೆ.

ನೀವೇ ಯೋಚಿಸಿ ನೋಡಿ, ನಮ್ಮ ಭಾಷೆಯಲ್ಲಿ ಹಿರಿಯರು ಎಂಬ ಮಾತಿದೆ, ಕಿರಿಯರು ಎಂಬ ಮಾತಿದೆ. ನಡುವಿನವರಿಗೆ ಮಾತ್ರ ಮರ್ಯಾದೆಯ ಒಂದು ಹೆಸರಿಲ್ಲ. ಮೂರು ಜನರ ಬಸ್ ಸೀಟಿನಲ್ಲಿ ನಡುವೆ ಕುಳಿತವರ ಹಾಗೆ ನಮಗೆ ಕಿಟಕಿಯ ಗಾಳಿಯೂ ಇಲ್ಲ, ಕಾಲು ಚಾಚಲು ದಾರಿಯೂ ಇಲ್ಲ. ಆದರೂ ಎರಡೂ ಕಡೆಯವರು ಆಗಾಗ ನಮ್ಮ ಹೆಗಲಿಗೇ ಒರಗುತ್ತಾರಲ್ಲ, ಆ ಭಾರವನ್ನೇ ಹಿರಿತನವೆಂದು ತಿಳಿದು ಬೀಗುವುದು ನಮ್ಮ ಗುಣ.

ಚಾಚಾ ಹುನಗುಂದದವರು. ನಮ್ಮ ಡಾಕ್ಟರು ಈ ಲ್ಯಾಬು ತೆರೆದ ದಿನದಿಂದಲೂ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಅವರದೇ. ಮದುವೆಯಾಗಿ ಬಾದಾಮಿಯಿಂದ ಇಳಕಲ್ಲಿಗೆ ಬಂದ ನಾನು ಇಪ್ಪತ್ತು ವರ್ಷಗಳ ಹಿಂದೆ ಕೆಲಸ ಕಲಿತದ್ದು ಅವರ ಕೈಯಲ್ಲಿ. ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿಯನ್ನು ಅಕ್ಕಿಹಪ್ಪಳದಷ್ಟು ತೆಳ್ಳಗೆ ಎಳೆಯುವುದನ್ನು, ಬಣ್ಣ ಹಚ್ಚಿ ಕಾಯುವುದನ್ನು, ನೋಡುವುದನ್ನು ಅವರೇ ಕಲಿಸಿದರು. ಆಮೇಲೆ ಡಾಕ್ಟರು ನನ್ನನ್ನೇ ಲ್ಯಾಬಿನ ಉಸ್ತುವಾರಿಗೆ ಹಾಕಿದರು; ಗುರುವಿನ ಮೇಲೆ ಶಿಷ್ಯೆಯ ಅಧಿಕಾರ. ಮರುದಿನ ನಾನು ಒಳಗೆ ಬಂದಾಗ ಚಾಚಾ ಕುರ್ಚಿಯಿಂದ ಎದ್ದು ನಿಂತರು. ಆ ಎದ್ದು ನಿಂತ ಮರ್ಯಾದೆ ನನಗೆ ಮುಳ್ಳಿನಂತೆ ಚುಚ್ಚಿತು. ಅಂದೇ ನಿಶ್ಚಯಿಸಿದೆ: ಈ ಮನುಷ್ಯನಿಗೆ ನೋವಾಗುವ ಒಂದು ಮಾತನ್ನೂ ನಾನು ಆಡುವುದಿಲ್ಲ. ನಿಶ್ಚಯ ಒಳ್ಳೆಯದೇ, ಆದರೆ ಒಳ್ಳೆಯ ನಿಶ್ಚಯಗಳೂ ಎಣ್ಣೆಯ ಹಾಗೆ, ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಹೊಡೆಯುತ್ತವೆ.

ಮಾಲಾ ಬಂದದ್ದು ಎರಡು ವರ್ಷಗಳ ಹಿಂದೆ, ರಕ್ತಕಣ ಎಣಿಸುವ ಹೊಸ ಯಂತ್ರದ ಜೊತೆಜೊತೆಗೇ. ರಾಮಥಾಳದ ಹುಡುಗಿ, ಮನೆದೇವರು ಬೀರಪ್ಪ, ಮನೆಯಲ್ಲಿ ಕುರಿ ಹಿಂಡು, ಓದಿದ್ದು ಬಾಗಲಕೋಟೆಯಲ್ಲಿ. ಮನೆಯವರು ಇಟ್ಟ ಹೆಸರು ಮಾಳವ್ವ. ಚುರುಕು ಕೈ, ನೇರ ನಾಲಿಗೆ, ಬಿಡುವಾದರೆ ಕಿವಿಯಲ್ಲಿ ಇಯರ್‌ಫೋನು. ಚಾಚಾ ಅವಳಿಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ.

“ಆ ಹುಡುಗಿಗೆ ಹೇಳ್ರಿ, ಸ್ಲೈಡಿನ ಮ್ಯಾಲ ಹೆಸರು ಪೆನ್ನಿಲೆ ಬರೀಬ್ಯಾಡ ಅಂತ. ಬಣ್ಣ ಹಚ್ಚಿದಾಗ ಅಳಸಿ ಹೋಗ್ತೈತಿ. ಎಷ್ಟು ಸಲ ಹೇಳೂದು?” ಎನ್ನುತ್ತಿದ್ದರು, ಒಂದು ಸಲವೂ ಅವಳಿಗೆ ಹೇಳದೆ.

ನಾನು ಒಳಗೆ ಹೋಗಿ, “ಮಾಲಾ, ಚಾಚಾ ನಿನ್ನ ಕೆಲಸ ಭಾಳ ಚಲೋ ಅಂದ್ರು. ಹೆಸರು ಅಷ್ಟ ಪೆನ್ಸಿಲ್‌ಲೆ ಬರಿ,” ಎನ್ನುತ್ತಿದ್ದೆ.

“ಚಾಚಾರಿಗೆ ಮಷೀನ್ ಕಂಡ್ರ ಆಗೂದಿಲ್ಲ ಅಲ್ರಿ ಅಕ್ಕಾ?” ಎಂದು ಅವಳು ಕೇಳಿದರೆ, ಅದನ್ನು ಚಾಚಾರ ಬಳಿ “ಹುಡುಗಿ ನಿಮ್ಮ ಕಡೆ ಕಲೀಬೇಕು ಅಂತಾಳ” ಎಂದು ತಿರುಗಿಸಿ ಬಡಿಸುತ್ತಿದ್ದೆ. ಹೀಗೆ ಖಾರವೆಲ್ಲ ನನ್ನಲ್ಲೇ ಉಳಿದು, ಇಬ್ಬರಿಗೂ ಬರೀ ಸಿಹಿ ತಲುಪುತ್ತಿತ್ತು. ಜಗಳವಿಲ್ಲದ ಲ್ಯಾಬು ನಮ್ಮದು ಎಂದು ಡಾಕ್ಟರು ಹೊಗಳಿದಾಗ ನಾನು ತಲೆ ತಗ್ಗಿಸಿ ನಕ್ಕಿದ್ದೆ.

ಹೋದ ವರ್ಷ ಮಳೆಗಾಲ ಮುಗಿದು ಜ್ವರದ ಕಾಲ ಶುರುವಾಗಿತ್ತು. ಒಂದು ಮಧ್ಯಾಹ್ನ, ಚಾಚಾ ಊಟಕ್ಕೆ ಹೋದ ಹೊತ್ತಿನಲ್ಲಿ, ಮಾಲಾ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕಿವಿಯಲ್ಲಿ ಇಯರ್‌ಫೋನಿರಲಿಲ್ಲ.

“ಅಕ್ಕಾ, ಚಾಚಾರಿಗೆ ಕಣ್ಣು ಕಾಣವಲ್ದು.”

ನಾನು ಬರೆಯುತ್ತಿದ್ದ ರಿಪೋರ್ಟನ್ನು ಬದಿಗಿಟ್ಟೆ.

“ಮೂರು ವಾರ ಆತು, ಅವರು ನೋಡಿದ ಸ್ಲೈಡೆಲ್ಲ ನಾ ಮತ್ತೊಮ್ಮೆ ನೋಡಾಕತ್ತೀನಿ. ಎರಡರಾಗ ಮಲೇರಿಯಾ ಇತ್ತು, ಅವರು ಇಲ್ಲ ಅಂದಿದ್ರು. ಒಬ್ಬಾಕಿ ಐಹೊಳಿ ಕಡೆಯ ಬಸುರಿ ಹೆಣ್ಮಗಳು. ಡಾಕ್ಟರ್ ಸಹಿ ಆಗೂದ್ರಾಗ ನಾನ ತಿದ್ದೀನಿ.”

“ನನಗ್ಯಾಕ ಹೇಳಲಿಲ್ಲ?” ಎಂದು ರೇಗಿದೆ.

“ನಿಮಗ ಹೇಳಿದ್ರ ನೀವು ಅದಕ್ಕ ಸಕ್ರಿ ಹಚ್ಚತಿದ್ರಿ.”

ಸಿಟ್ಟು ಅವಳ ಮೇಲೆ ಬಂದು, ಅಲ್ಲಿ ನಿಲ್ಲಲಾರದೆ ನನ್ನ ಮೇಲೇ ತಿರುಗಿತು. ಚಾಚಾ ಕಾಗದವನ್ನು ಮುಖದಿಂದ ದೂರ ಹಿಡಿಯುವುದನ್ನು, ದೀಪದತ್ತ ಕುರ್ಚಿ ಎಳೆದುಕೊಳ್ಳುವುದನ್ನು ನಾನು ತಿಂಗಳುಗಳಿಂದ ಕಂಡಿದ್ದೆ; ಕಂಡೂ ಕೇಳಿರಲಿಲ್ಲ. ಮೊದಲು ಡಾಕ್ಟರಿಗೆ ವಿಷಯ ತಿಳಿಸಿದೆವು. ಆ ಭಾನುವಾರ ಮಾಲಾ ಮತ್ತು ನಾನು ಹಳೆಯ ಸ್ಲೈಡುಗಳ ಪೆಟ್ಟಿಗೆ ತೆರೆದು ಬೆಳಗಿನಿಂದ ಸಂಜೆಯವರೆಗೆ ಒಂದೊಂದನ್ನೇ ನೋಡಿದೆವು. ಇನ್ನೊಂದು ಸಿಕ್ಕಿತು: ಕೂಡಲಸಂಗಮದಲ್ಲಿ ಹೂಕಾಯಿ ಅಂಗಡಿ ಇಟ್ಟವನದು, ಕೆಂಪು ಕಣದೊಳಗೆ ಮಲೇರಿಯಾದ ಸಣ್ಣ ನೀಲಿ ಉಂಗುರ. ತಪ್ಪು ನಮ್ಮದೆಂದು ಒಪ್ಪಿಕೊಂಡು ಅವನನ್ನು ಮತ್ತೆ ಕರೆಸಿದೆ. ಬಂದವನು ಸೊರಗಿ ಅರ್ಧವಾಗಿದ್ದ. ಔಷಧಿ ಶುರುವಾಗಿ ಎರಡೇ ದಿನದಲ್ಲಿ ಜ್ವರ ಇಳಿದು ಚೇತರಿಸಿಕೊಳ್ಳತೊಡಗಿದ. ಆದರೆ ಬೆಂಚಿನ ಮೇಲೆ ಮುದುಡಿ ಕುಳಿತ ಅವನ ಮುಖ ನನ್ನನ್ನು ಬಿಟ್ಟು ಹೋಗಲಿಲ್ಲ.

ಇನ್ನು ಚಾಚಾರಿಗೆ ಹೇಳಬೇಕಿತ್ತು. ಸೋಮವಾರ ಬೆಳಿಗ್ಗೆ ಅವರ ಎದುರು ನಿಂತವಳ ಬಾಯಿಂದ ಬಂದದ್ದು ಇದು: “ಚಾಚಾ, ನಿಮಗ ಮೊಣಕಾಲು ನೋವು ಭಾಳ ಆಗೇತಿ. ಸ್ವಲ್ಪ ದಿನ ಮುಂದ ಟೇಬಲ್‌ದಾಗ ಕೂಡ್ರಿ, ಬಂದವರ ಹೆಸರು ಬರಕೊಳ್ರಿ. ಒಳಗಿಂದು ನಾವು ನೋಡ್ತೇವಿ.”

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. “ಆತ್ರಿ,” ಎಂದರು. ಮೂರು ದಿನ ಮುಂದಿನ ಮೇಜಿನಲ್ಲಿ ಕುಳಿತು ಹೆಸರು ಬರೆದರು. ಮೂರು ದಿನವೂ ಅವರ ಚಹಾ ಕೆನೆಗಟ್ಟಿ ಹಾಗೇ ಉಳಿಯಿತು.

ನಾಲ್ಕನೆಯ ದಿನ ಮಾಲಾ ತಡೆದುಕೊಳ್ಳಲಿಲ್ಲ. ಮೇಜಿನ ಬಳಿ ಹೋಗಿ, ಒಂದು ಸ್ಟೂಲು ಎಳೆದುಕೊಂಡು ಅವರೆದುರು ಕುಳಿತಳು. ನಾನು ಬಾಗಿಲಲ್ಲಿದ್ದೆ.

“ಚಾಚಾ, ನಿಮ್ಮ ಕಾಲಿಗೆ ಏನೂ ಆಗಿಲ್ಲ. ಕಣ್ಣಿಗೆ ಆಗೇತಿ. ನಿಮ್ಮ ಸ್ಲೈಡ್ ನಿಮಗ ಹೇಳಲಾರದ ನಾ ಮತ್ತ ನೋಡೀನಿ. ಅದು ನನ್ನ ತಪ್ಪು.”

ಚಾಚಾ ಹೆಸರಿನ ಪುಸ್ತಕ ಮುಚ್ಚಿದರು. ಆಮೇಲೆ ಕೇಳಿದರು: “ಎಷ್ಟು ತಪ್ಪಿದ್ದವು?”

“ಮೂರು.”

“ಯಾರವು?”

ಅವಳು ಮೂರೂ ಹೆಸರು ಹೇಳಿದಳು.

“ಆರಾಮ ಅದಾರ?”

“ಈಗ ಆರಾಮ ಅದಾರ್ರಿ.”

ಚಾಚಾ ಕಣ್ಣು ಒರೆಸಿಕೊಂಡರು. “ರಮಜಾನ್ ಮುಗಿದಾಗಿಂದ ಮಂಜು ಮಂಜು ಕಾಣತೈತಿ, ಬೇಟಿ. ಹೇಳಿದ್ರ ಕುರ್ಚಿ ಹೋಗ್ತೈತಿ ಅಂತ ಹೆದರಿದೆ. ನಿಂದು ಸಣ್ಣ ತಪ್ಪು, ನಂದು ದೊಡ್ಡದು.” ಆಮೇಲೆ ಬಾಗಿಲ ಕಡೆ, ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ನೀವು ಕೆಲಸಕ್ಕ ಬಂದ ಹೊಸದಾಗಿ ನಿಮ್ಮ ಹತ್ತು ಸ್ಲೈಡ್ ನಾ ಕಸದ ಬುಟ್ಟಿಗೆ ಹಾಕಿದ್ದೆ. ನಿಮ್ಮ ಕೈ ಸರಿ ಇಲ್ಲ ಅಂತ ಮುಖದ ಮ್ಯಾಲ ಹೇಳಿದ್ದೆ. ಕಾಲು ಸರಿ ಇಲ್ಲ ಅಂದಿದ್ದಿಲ್ಲ.”

ನಾನು ಮೃದುತ್ವವೆಂದು ಹಂಚಿದ್ದೆಲ್ಲ ಅವರಿಗೆ ಮರೆಮಾಚುವಿಕೆಯಾಗಿ ತಲುಪಿತ್ತು. ಹಿರಿಯರನ್ನು ಗೌರವಿಸುವುದೆಂದರೆ ಅವರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಎಂದುಕೊಂಡಿದ್ದೆ. ಸತ್ಯವನ್ನು ತಾಳಿಕೊಳ್ಳಬಲ್ಲ ಮನುಷ್ಯ ಎಂದು ನಂಬುವುದೇ ದೊಡ್ಡ ಗೌರವವೆಂಬುದು ಇಪ್ಪತ್ನಾಲ್ಕರ ಹುಡುಗಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ.

ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಒಂದು ತಿಂಗಳಾಚೆಯ ದಿನ ಸಿಕ್ಕಿತು. ಆ ತಿಂಗಳು ನಮ್ಮ ಲ್ಯಾಬಿನ ಅತ್ಯಂತ ಚೆಂದದ ತಿಂಗಳು. ಸೂಕ್ಷ್ಮದರ್ಶಕದ ಮುಂದೆ ಸ್ಟೂಲಿನ ಮೇಲೆ ಮಾಲಾ, ಪಕ್ಕದ ಕುರ್ಚಿಯಲ್ಲಿ ಚಾಚಾ. ಅವಳು ಕಂಡದ್ದನ್ನು ಹೇಳುವಳು, ಅವರು ಕೇಳುವರು, ಕೇಳಿ ಇನ್ನೊಂದು ಪ್ರಶ್ನೆ ಎಸೆಯುವರು. ಒಂದು ದಿನ ಹುನಗುಂದದ ಕಡೆಯ ಹುಡುಗಿಯೊಬ್ಬಳ ರಕ್ತ ಬಂತು. ಯಂತ್ರ ಪ್ಲೇಟ್ಲೆಟ್ ಎಣಿಸಿ ಎದೆ ಝಲ್ಲೆನ್ನುವಷ್ಟು ಕಡಿಮೆ ಅಂಕಿ ತೋರಿಸಿತು. ಹುಡುಗಿಯ ತಂದೆ ಆಗಲೇ ಬಾಗಲಕೋಟೆಗೆ ಜೀಪು ಕರೆಯುತ್ತಿದ್ದ. ಮಾಲಾಳ ಮುಖ ಬಿಳಿಚಿತ್ತು.

“ಹುಡುಗಿ ಮೈಮ್ಯಾಲ ಕೆಂಪು ಚುಕ್ಕಿ ಅದಾವೇನು? ಒಸಡಿನಾಗ ರಕ್ತ?” ಚಾಚಾ ಕೇಳಿದರು.

“ಇಲ್ರಿ, ನಕ್ಕೋತ ಕುಂತಾಳ.”

“ಹಂಗಾದ್ರ ಸ್ಲೈಡಿನ ತುದಿ ನೋಡು, ಬೇಟಿ. ನಡು ಬ್ಯಾಡ. ಎಳದದ್ದು ಎಲ್ಲಿ ಮುಗಿದೈತಿ, ಅಲ್ಲಿ.”

ಅವಳು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಏರಿತು. “ಚಾಚಾ, ಇಲ್ಲಿ ಪ್ಲೇಟ್ಲೆಟ್ ಗುಂಪು ಗುಂಪಾಗಿ ಅಂಟಿಕೊಂಡು ಕುಂತಾವ!”

“ಮಷೀನಿಗೆ ಗುಂಪು ಎಣಿಸಾಕ ಬರೂದಿಲ್ಲ. ಬ್ಯಾರೆ ನಳಿಗಿಯಾಗ ಮತ್ತ ರಕ್ತ ತಗಿ, ಲಗೂನ ಹಾಕು. ಮಷೀನ್ ಖರೆ ಹೇಳತೈತಿ.”

ಎರಡನೆಯ ಸಲ ಯಂತ್ರ ಕೊಟ್ಟ ಅಂಕಿ ಸರಿಯಾಗಿತ್ತು. ಡಾಕ್ಟರು ನೋಡಿ, ಗಾಬರಿ ಇಲ್ಲವೆಂದು ಔಷಧಿ ಬರೆದು ಮನೆಗೆ ಕಳಿಸಿದರು. ಒಳಗೆ ಹಿರಿಯರೂ ಕಿರಿಯಳೂ ನಗುತ್ತಿದ್ದರು. ಬಾಗಿಲಲ್ಲಿ ನಿಂತ ನಾನೂ ನಕ್ಕೆ. ಆದರೆ ಅವರ ನಡುವೆ ಒಯ್ಯಬೇಕಾದ ಮಾತು ಈಗ ಯಾವುದೂ ಇರಲಿಲ್ಲ. ಒಂದು ಕಾಲಕ್ಕೆ ಆ ಸ್ಟೂಲಿನ ಮೇಲೆ ಕುಳಿತು ಬೈಸಿಕೊಂಡವಳು ನಾನೇ ಅಲ್ಲವೇ? ಉಸ್ತುವಾರಿಯೆಂಬ ದೊಡ್ಡ ಕುರ್ಚಿಗಾಗಿ ಆ ಪುಟ್ಟ ಸ್ಟೂಲನ್ನು ಯಾವಾಗ ಬಿಟ್ಟುಕೊಟ್ಟೆನೋ ತಿಳಿಯಲಿಲ್ಲ.

ಪೊರೆ ತೆಗೆಸಿಕೊಂಡು ಗಾಯ ಮಾಗಿದ ಮೇಲೆ ಚಾಚಾ ಒಂದು ಬೆಳಿಗ್ಗೆ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. “ಯಾ ಅಲ್ಲಾ! ನೀಲಿ ಇಷ್ಟು ನೀಲಿ ಇತ್ತೇನು!” ಎಂದು ಮಗುವಿನಂತೆ ಹಿಗ್ಗಿದರು. ಅಂದು ಸಂಜೆಯವರೆಗೂ ನೋಡಿ, ಎದ್ದು, ಕುರ್ಚಿಯನ್ನು ಮಾಲಾಳತ್ತ ಸರಿಸಿದರು. ಮರುದಿನದಿಂದ ಬರಲಿಲ್ಲ. ಆಗೀಗ ಫೋನು ಬರುತ್ತದೆ, ಮಾಲಾಳಿಗೆ. ಅವಳ ನಗು ಗೋಡೆಯಾಚೆಯಿಂದ ಕೇಳಿಸುತ್ತದೆ.

ಕಳೆದ ವಾರ ತಾಳಲಾರದೆ ಹುನಗುಂದಕ್ಕೆ ಹೋದೆ. ಚಾಚಾ ಅಂಗಳದ ಬೇವಿನ ನೆರಳಿನಲ್ಲಿ ಪೇಪರು ಓದುತ್ತಿದ್ದರು. ಕುಶಲ ವಿಚಾರಿಸಿದೆ, ಮಳೆಯ ಮಾತಾಡಿದೆ, ಸುತ್ತಿ ಬಳಸಿ ಸಾಕಾಗಿ ಕೊನೆಗೆ ಕೇಳಿಯೇಬಿಟ್ಟೆ.

“ಚಾಚಾ, ಖರೆ ಹೇಳ್ರಿ. ನನ್ನ ಮ್ಯಾಲ ಸಿಟ್ಟು ಐತೇನು?”

“ಐತ್ರಿ,” ಎಂದರು, ಪೇಪರು ಮಡಿಚುತ್ತ. “ಕಡಿಮಿ ಆಗೇತಿ. ಪೂರಾ ಹೋಗಿಲ್ಲ.”

ವಿಚಿತ್ರವೆನಿಸಬಹುದು ನಿಮಗೆ, ಆ ಮಾತು ಕೇಳಿ ನನ್ನ ಮನಸ್ಸು ತಿಳಿಯಾಯಿತು. ಕೆಲಸ ಕಲಿಸಿದ ದಿನಗಳ ಹಾಗೆ ಅವರು ನನಗೆ ಸಕ್ಕರೆ ಹಚ್ಚದ ಮಾತೊಂದನ್ನು ಕೊಟ್ಟಿದ್ದರು. ಚಾಚಿಯವರು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಸಿಟ್ಟಿದ್ದವರ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.

ಬಿಸಿಲಲ್ಲೇ ಚಾಚಾ ಬಸ್ ನಿಲ್ದಾಣದವರೆಗೆ ಬಂದರು. ಇಳಕಲ್ಲಿನ ಬಸ್ಸು ಬಂದು ನಿಂತಾಗ ನಾನು ಹತ್ತಲಿಲ್ಲ.

“ನೀವಿಲ್ಲದ ಲ್ಯಾಬು ನನಗ ಸೇರವಲ್ದು ಚಾಚಾ,” ಎಂದೆ. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಮನಸ್ಸಿನಲ್ಲಿದ್ದುದನ್ನು ಅವರಿಗೆ ನೇರವಾಗಿ ಹೇಳಿದ್ದೆ. “ವಾರಕ್ಕೊಮ್ಮಿಯಾದ್ರೂ ಬರ್ರಿ.”

ಅವರು ತುಸು ಹೊತ್ತು ಬಸ್ಸಿನ ಗಾಲಿಯನ್ನೇ ನೋಡುತ್ತ ನಿಂತರು. “ನನಗೂ ಮನಿಯಾಗ ಹೊತ್ತು ಹೋಗವಲ್ದ್ರಿ. ಮುಂಜಾನೆ ಎದ್ದ ಕೂಡಲೆ ಕಾಲು ಬಸ್‌ಸ್ಟ್ಯಾಂಡ್ ಕಡೆ ಹೊಳ್ಳತಾವ. ಆದ್ರ ಬರಂಗಿಲ್ಲ. ನಾ ಬಾಜೂಕ ಇದ್ರ ಆ ಹುಡುಗಿ ನನ್ನ ಕೇಳತಾಳ. ಈಗ ಆಕಿ ತಾನ ನೋಡಬೇಕು.”

ಕಂಡಕ್ಟರ್ ಸೀಟಿ ಊದಿದ. ಚಾಚಾ ನನ್ನ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟರು. ನಾನು ಕಿಟಕಿಗೆ ಬಂದು ಕುಳಿತೆ. ಬಸ್ಸು ತಿರುವು ದಾಟುವವರೆಗೂ ಅವರು ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು. ಅಷ್ಟು ದೂರದಿಂದಲೂ ನನ್ನನ್ನು ಸ್ಪಷ್ಟವಾಗಿ ಕಾಣಬಲ್ಲವರಾಗಿದ್ದರು.